ಸೀನನಿಗೊಂದು ಪತ್ರ: ಐದು ದೇಶ ಬೇಡ, ಎರಡು ಸಾಕು

ಪ್ರಿಯ ಸೀನ,

ನಿನ್ನ ಮೇಲ್ ಬಂತು, ಜೊತೆಗೆ ಆ ನಕ್ಷೆಯೂ. ಕೇಪ್‌ಟೌನಿನಲ್ಲಿ ಹೊರಟು ನಮೀಬಿಯಾ, ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆ ಸುತ್ತಿ ಜೋಹಾನ್ಸ್‌ಬರ್ಗಿನಲ್ಲಿ ನಿಲ್ಲುವ ಗೆರೆ. ನೋಡೋಕೆ ಚೆನ್ನಾಗಿದೆ. ಆದರೆ ಕೆಳಗೆ "ಖರ್ಚು ಕಡಿಮೆ ಇರಬೇಕು" ಅಂತ ಬರೆದಿದ್ದೀಯಲ್ಲ, ಅದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ ಮಾರಾಯ.

ಅಲ್ಲಿ ದುಡ್ಡು ನುಂಗುವುದು ಊಟವಲ್ಲ, ಮಲಗುವ ಜಾಗವೂ ಅಲ್ಲ. ಕಾರಿನ ಬಾಡಿಗೆ, ಡೀಸೆಲ್, ಆಮೇಲೆ ಗಡಿಗಳು. ಕಾರು ದಾಟುವ ಪ್ರತಿ ಗಡಿಯಲ್ಲೂ ಹೊಸ ಕಾಗದ, ಹೊಸ ಶುಲ್ಕ. ಜಾಂಬಿಯಾ, ಜಿಂಬಾಬ್ವೆಗೆ ಕಾರು ಒಯ್ದರೆ ತಾತ್ಕಾಲಿಕ ಆಮದಿನ ಪರವಾನಗಿ, ಬೇರೆ ವಿಮೆ, ಕಾರ್ಬನ್ ತೆರಿಗೆ, ರಸ್ತೆ ಶುಲ್ಕ ಎಲ್ಲ ಸೇರಿಕೊಳ್ಳುತ್ತವೆ. ಒಂದೂರಲ್ಲಿ ಕಾರು ತೊಗೊಂಡು ಇನ್ನೊಂದೂರಲ್ಲಿ ಬಿಟ್ಟರೆ ಅದಕ್ಕೊಂದು ದಂಡ. ಅದಕ್ಕೇ ನಾನೂ ಸುಮಾಳೂ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಕಾರು ಹತ್ತಿ ವಿಂಡ್‌ಹುಕ್‌ನಲ್ಲೇ ಇಳಿದೆವು. ಮರುಭೂಮಿಯ ಸೆಸ್ರಿಯಂ, ಕಡಲ ತೀರದ ಸ್ವಾಕೊಪ್‌ಮುಂಡ್, ಎಟೋಶಾ ಅಭಯಾರಣ್ಯ, ರುಂಡು, ಅಲ್ಲಿಂದ ಗಡಿ ದಾಟಿ ಬೋಟ್ಸ್ವಾನಾದ ಕಸಾನೆ, ಮೌನ್, ಘಾನ್ಜಿ, ವಾಪಸ್ಸು. ಸುಮಾರು 4000 ಕಿ.ಮೀ. ಸುತ್ತು, ಕಾರಿನ ಲೆಕ್ಕದಲ್ಲಿ ಎರಡೇ ದೇಶ. ನಮೀಬಿಯಾಕ್ಕೆ ಎರಡು ಸಲ ಒಳಗೆ ಬರಬೇಕಾದ್ದರಿಂದ ವೀಸಾ ಮಲ್ಟಿಪಲ್ ಎಂಟ್ರಿ ಇರಲಿ.

ವಿಕ್ಟೋರಿಯಾ ಜಲಪಾತ ಬಿಟ್ಟಿರಾ ಅಂತ ಕೇಳ್ತೀಯ. ಇಲ್ಲಪ್ಪ. ಕಾರನ್ನು ಕಸಾನೆಯ ಕ್ಯಾಂಪಿನಲ್ಲೇ ನಿಲ್ಲಿಸಿ, ಬಾಡಿಗೆ ವ್ಯಾನಿನಲ್ಲಿ ಜಿಂಬಾಬ್ವೆಗೆ ಹೋಗಿ ಬಂದೆವು. ದೂರ ಸುಮಾರು 80 ಕಿ.ಮೀ. ಮಾತ್ರ. ನಮಗೆ ವೀಸಾ ಬೇಕು, ಕಾರಿಗೆ ಏನೂ ಬೇಡ. ಜಲಪಾತ 1.7 ಕಿ.ಮೀ. ಅಗಲ, 108 ಮೀಟರ್ ಎತ್ತರ. ಏಪ್ರಿಲ್ ಹೊತ್ತಿಗೆ ಹೋದರೆ ತುಂತುರಿನಲ್ಲಿ ನೀರೇ ಕಾಣುವುದಿಲ್ಲ. ಅಕ್ಟೋಬರ್ ಮುಗಿಯುವಾಗ ಹೋದರೆ ಜಾಂಬಿಯಾ ಕಡೆ ಬಹುಪಾಲು ಬರೀ ಬಂಡೆ. ಜುಲೈ, ಆಗಸ್ಟ್ ಹದವಾಗಿರುತ್ತದೆ.

ಆ ತಿಂಗಳುಗಳು ಎಲ್ಲಕ್ಕೂ ಒಳ್ಳೆಯವು. ಮಳೆ ಇಲ್ಲ, ಸೊಳ್ಳೆ ಕಡಿಮೆ, ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳೆಲ್ಲ ಹೊಂಡಗಳ ಹತ್ತಿರ ಬರುತ್ತವೆ. ರಾತ್ರಿ ಚಳಿ ಮಾತ್ರ ಘೋರ. ಮರುಭೂಮಿ ಅಂದರೆ ಸೆಖೆ ಅಂದುಕೊಂಡು ಬರಬೇಡ, ಸ್ವೆಟರ್ ತಾ. ಉತ್ತರದ ಕಡೆ ಮಲೇರಿಯಾ ಇದೆ, ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳು.

ನಮ್ಮದು ಟೊಯೋಟಾ ಹೈಲಕ್ಸ್ ಪಿಕಪ್, ಮೇಲೆ ಮಡಚುವ ಟೆಂಟು. ಹಿಂದೆ ಸಣ್ಣ ಫ್ರಿಡ್ಜು, ಗ್ಯಾಸು, ಎರಡು ಸ್ಟೆಪ್ನಿ. ಒಂದೇ ಸ್ಟೆಪ್ನಿ ಕೊಟ್ಟರೆ ಕಾರು ತೊಗೋಬೇಡ. ಅವರೂ ಎಡಗಡೆಯೇ ಓಡಿಸುತ್ತಾರೆ, ಅದೊಂದು ನೆಮ್ಮದಿ. ಆದರೆ ಬಹುಪಾಲು ರಸ್ತೆ ಜಲ್ಲಿ ಮಣ್ಣಿನದು. ಗಾಡಿಗಳು ಓಡಾಡಿ ಓಡಾಡಿ ಅಡ್ಡಡ್ಡ ಏಣು ಎದ್ದಿರುತ್ತವೆ. ನಿಧಾನ ಹೋದರೆ ಹಲ್ಲು ಉದುರುವಷ್ಟು ಕುಲುಕು. 70-80ರಲ್ಲಿ ಹೋದರೆ ಚಕ್ರ ಏಣಿನ ತುದಿಯ ಮೇಲೇ ತೇಲಿಕೊಂಡು ಹೋಗುತ್ತೆ, ಸುಖವಾಗಿರುತ್ತೆ, ಅಪಾಯವೂ ಅಲ್ಲೇ. ಟೈರಿಗೆ ಹಿಡಿತವೇ ಇರುವುದಿಲ್ಲ. ತಿರುವಿನಲ್ಲಿ ಗಾಬರಿಯಾಗಿ ಸ್ಟೀರಿಂಗ್ ಎಳೆದರೆ ಗಾಡಿ ಪಲ್ಟಿ. ಪ್ರವಾಸಿಗರ ಅಪಘಾತಗಳಲ್ಲಿ ಇಂಥವು ಜಾಸ್ತಿ. ಬೇರೆ ಗಾಡಿ ತಾಗದೆ ತಾನೇ ಪಲ್ಟಿಯಾದರೆ ಎಷ್ಟೋ ವಿಮೆಗಳು ಕೊಡುವುದೂ ಇಲ್ಲ, ಸಣ್ಣ ಅಕ್ಷರ ಓದು. ಟೈರಿನ ಗಾಳಿ ಸ್ವಲ್ಪ ಇಳಿಸು, 80 ದಾಟಬೇಡ, ಕತ್ತಲಾದ ಮೇಲೆ ಓಡಿಸಲೇಬೇಡ. ಕುಡು ಎಂಬ ದೊಡ್ಡ ಜಿಂಕೆ ರಸ್ತೆಗೆ ನೆಗೆಯುತ್ತೆ. ಕತ್ತೆಗಳಂತೂ ರಸ್ತೆ ಮಧ್ಯದಲ್ಲಿ ನಿಂತು ನಿನ್ನನ್ನೇ ನೋಡುತ್ತವೆ.

ಇಲ್ಲೊಂದು ಸಂಸಾರದ ವಿಷಯ. ಜಮೀನುಗಳ ಮಧ್ಯೆ ರಸ್ತೆ ಹೋಗುವಲ್ಲೆಲ್ಲ ಗೇಟುಗಳು. ಪಕ್ಕದಲ್ಲಿ ಕೂತವರು ಇಳಿದು ತೆಗೆಯಬೇಕು, ಕಾರು ದಾಟಿದ ಮೇಲೆ ಮುಚ್ಚಿ ಹತ್ತಬೇಕು. ಒಂದೊಂದರ ಚಿಲಕ ಒಂದೊಂದು ಥರ: ಸರಪಳಿ, ಕೊಕ್ಕೆ, ಬರೀ ತಂತಿಯ ಕುಣಿಕೆ. ಡ್ರೈವರ್ ಎಸಿಯಲ್ಲಿ, ಇನ್ನೊಬ್ಬರು ಧೂಳಲ್ಲಿ. ಒಂದು ಬೆಳಿಗ್ಗೆ ಸುಮಾ ಗೇಟು ಮುಚ್ಚಿ ಬಂದವಳೇ ಡ್ರೈವರ್ ಬಾಗಿಲು ತೆಗೆದು "ಇಳೀರಿ" ಅಂದಳು. ಅಲ್ಲಿಂದ ದಿನ ಬಿಟ್ಟು ದಿನ ಪಾಳಿ. ನಿಮ್ಮಿಬ್ಬರಿಗೂ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸು, ಆರ್‌ಟಿಓದಲ್ಲಿ ಸಿಗುತ್ತೆ.

ಎಲ್ಲಿ ಜಾಸ್ತಿ ದುಡ್ಡು ಕೊಡಬೇಕು ಅಂದರೆ ಸೆಸ್ರಿಯಂನಲ್ಲಿ. ಪಾರ್ಕಿನ ಒಳಗಿನ ಕ್ಯಾಂಪೇ ಹಿಡಿ. ಹೊರಗೆ ಉಳಿದವರಿಗೆ ಸೂರ್ಯ ಹುಟ್ಟುವಾಗ ಗೇಟು, ಒಳಗಿನವರಿಗೆ ಅದಕ್ಕೂ ಮುಂಚೆ. ಅಲ್ಲಿಂದ 60 ಕಿ.ಮೀ. ಡಾಂಬರು, ಕೊನೆಯ ಐದು ಕಿ.ಮೀ. ಮರಳು. ಡೆಡ್‌ವ್ಲೆ ಎಂಬ ಬತ್ತಿದ ಕೆರೆಯ ಬಿಳಿ ನೆಲದಲ್ಲಿ ಕರ್ರಗೆ ನಿಂತ ಮರಗಳು ಸತ್ತು ಆರೇಳು ನೂರು ವರ್ಷವಾಯಿತಂತೆ. ಗಾಳಿಯಲ್ಲಿ ತೇವವೇ ಇಲ್ಲ, ಕೊಳೆಯುವುದಾದರೂ ಹೇಗೆ? ಬಿಸಿಲೇರಿ ಬಸ್ಸುಗಳು ಬರುವಷ್ಟರಲ್ಲಿ ನಾವು ಟೆಂಟಿಗೆ ಬಂದು ಉಪ್ಪಿಟ್ಟು ತಿನ್ನುತ್ತಿದ್ದೆವು.

ಕ್ಯಾಂಪುಗಳ ಬಗ್ಗೆ ಹೆದರಬೇಡ. ನಮೀಬಿಯಾದಲ್ಲಿ ಎಷ್ಟೋ ಕಡೆ ಪ್ರತಿ ಟೆಂಟಿನ ಜಾಗಕ್ಕೂ ಬೆಂಕಿಗುಂಡಿ, ನಲ್ಲಿ ಇರುತ್ತವೆ. ಬಿಸಿನೀರಿಗೆ ಡಾಂಕಿ ಅಂತ ಇದೆ: ಕಬ್ಬಿಣದ ಪೀಪಾಯಿ, ಕೆಳಗೆ ಸೌದೆ. ಥೇಟ್ ನಮ್ಮಜ್ಜಿ ಮನೆ ಬಚ್ಚಲಿನ ಹಂಡೆ. ಸಂಜೆಯಾದರೆ ಎಲ್ಲರೂ ಬ್ರಾಯ್ ಹಚ್ಚಿ ಮಾಂಸ ಸುಡುತ್ತಾರೆ. ನಾವು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರೆ ಪಕ್ಕದವರು ಮೂಸಿಕೊಂಡು ಬರುತ್ತಿದ್ದರು. ಎಟೋಶಾದ ಒಕೌಕುವೆಯೋ ಕ್ಯಾಂಪಿನಲ್ಲಿ ಬೇಲಿಯಾಚೆ ನೀರಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಹಾಕಿರುತ್ತಾರೆ. ಕಂಬಳಿ ಹೊದ್ದು ಕೂತರೆ ಖಡ್ಗಮೃಗ ತಾನಾಗಿ ಬರುತ್ತೆ, ಗೈಡೂ ಬೇಡ, ಜೀಪೂ ಬೇಡ. ನರಿಗಳು ಮಾತ್ರ ಬೇಲಿಯೊಳಗೂ ಬರುತ್ತವೆ. ಚಪ್ಪಲಿ ಕೆಳಗೆ ಬಿಡಬೇಡ.

ಸ್ವಾಕೊಪ್‌ಮುಂಡ್‌ನಲ್ಲಿ ಜರ್ಮನ್ ಬೇಕರಿಗಳು, ಕೇಕು, ಕಡಲ ಮಂಜು. ಎಲ್ಲರೂ ಅದನ್ನೇ ಬರೆಯುತ್ತಾರೆ. ಊರಂಚಿನ ಸ್ಮಶಾನಕ್ಕೂ ಹೋಗು. 1904ರಿಂದ 1908ರವರೆಗೆ, ಆಗ ಇಲ್ಲಿ ಆಳುತ್ತಿದ್ದ ಜರ್ಮನರು ಹೆರೆರೊ, ನಾಮಾ ಜನರನ್ನು ಕೊಂದರು, ಉಳಿದವರನ್ನು ಶಿಬಿರಗಳಿಗೆ ಹಾಕಿದರು. ಅಂಥದ್ದೊಂದು ಶಿಬಿರ ಇದೇ ಊರಿನಲ್ಲಿತ್ತು. ಸತ್ತವರಿಗೆ ಹೆಸರೂ ಇಲ್ಲದ ಸಣ್ಣ ಸಣ್ಣ ಮರಳ ದಿಬ್ಬಗಳು.

ಆ ಇತಿಹಾಸ ರಸ್ತೆಯಲ್ಲೂ ಕಾಣುತ್ತೆ. ರುಂಡು ದಾರಿಯಲ್ಲಿ ಮುರುರಾನಿ ಅಂತ ಒಂದು ತಪಾಸಣೆ ಗೇಟು. ಅದು ರೆಡ್ ಲೈನ್. 1896-97ರಲ್ಲಿ ದನಗಳಿಗೆ ದೊಡ್ಡರೋಗ ಬಂದಾಗ ಜರ್ಮನರು ಎಳೆದ ಗೆರೆ, ಆಮೇಲೆ ಬೇಲಿಯಾಯಿತು. ಇವತ್ತಿಗೂ ಉತ್ತರದ ಹಸಿ ಮಾಂಸ ದಕ್ಷಿಣಕ್ಕೆ ಬರುವಂತಿಲ್ಲ. ಗೇಟಿನ ಈಚೆ ಗಂಟೆಗಟ್ಟಲೆ ತಂತಿಬೇಲಿ, ದೊಡ್ಡ ಜಮೀನು, ಒಬ್ಬ ನರಪಿಳ್ಳೆ ಇಲ್ಲ. ಆಚೆ ಹೋದ ಕೂಡಲೇ ಗುಡಿಸಲು, ಮೇಕೆ, ಯೂನಿಫಾರಂ ಹಾಕಿದ ಮಕ್ಕಳು, ರಸ್ತೆ ಬದಿ ಸೌದೆ ಕಟ್ಟು. ನಮೀಬಿಯಾ ನಮ್ಮ ಕರ್ನಾಟಕದ ನಾಲ್ಕರಷ್ಟು ದೊಡ್ಡದು, ಜನ ಸುಮಾರು 30 ಲಕ್ಷ. "ಖಾಲಿ ದೇಶ" ಅಂತ ಪ್ರವಾಸಿಗರು ಹೊಗಳುತ್ತಾರಲ್ಲ, ಅದರ ಈಚಿನ ಭಾಗ ಹೇಗೆ ಖಾಲಿಯಾಯಿತು ಅಂತ ಆ ಗೇಟಿನಲ್ಲಿ ಗೊತ್ತಾಗುತ್ತೆ. ನನಗೆ ಗೇಟಿನಾಚೆಯ ಉತ್ತರದ ಸೀಮೆಯೇ ಹೆಚ್ಚು ಇಷ್ಟವಾಯಿತು. ರುಂಡುವಿನಲ್ಲಿ ಒಕವಾಂಗೊ ನದಿ, ಆಚೆ ದಡ ಅಂಗೋಲಾ. ಅಂಗೋಲಾದ ಬೆಟ್ಟಗಳಲ್ಲಿ ವರ್ಷದ ಮೊದಲಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ನಡೆದು, ಬೋಟ್ಸ್ವಾನಾದಲ್ಲಿ ಒಂದು ಹನಿ ಮಳೆಯಿಲ್ಲದ ಚಳಿಗಾಲದಲ್ಲಿ ಮೌನ್ ತಲುಪುತ್ತೆ. ಸಮುದ್ರ ಸೇರುವುದೇ ಇಲ್ಲ, ಕಲಹಾರಿ ಮರಳಲ್ಲೇ ಹರಡಿ ಮುಗಿಯುತ್ತೆ. ಆ ನೀರಿನ ಹಿಂದೆ ಹಿಂದೆ ಹೋದ ಹಾಗಿತ್ತು ನಮಗೆ.

ಬೋಟ್ಸ್ವಾನಾಕ್ಕೆ ದಾಟುವ ನ್ಗೋಮಾ ಗಡಿಯಲ್ಲಿ ಕಾಲುಬಾಯಿ ರೋಗದ ಭಯಕ್ಕೆ ಬೂಟುಗಳನ್ನು ಔಷಧಿ ನೀರಿನ ಬಟ್ಟೆ ಮೇಲೆ ಒರೆಸಬೇಕು, ಕಾರಿನ ಚಕ್ರವನ್ನೂ ಅದ್ದಿ ಹೋಗಬೇಕು. ಮಾಂಸ, ಹಾಲು ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ.

ಬೋಟ್ಸ್ವಾನಾದ ಪಾರ್ಕುಗಳಲ್ಲಿ ಕ್ಯಾಂಪು ದುಬಾರಿ, ಬೇಲಿಯೂ ಇಲ್ಲ. ಅಲ್ಲೇ ಕೈ ಬಿಗಿ ಹಿಡಿ. ಮೊರೆಮಿ ಅಭಯಾರಣ್ಯ ನಾವು ಬಿಟ್ಟೆವು, ಬೇಸರವಿಲ್ಲ. ಕಸಾನೆಯಲ್ಲಿ ಸಂಜೆ ದೋಣಿ ಮಾತ್ರ ಬಿಡಬೇಡ. ಚೋಬೆ ನದಿಯಲ್ಲಿ ಆನೆ ಹಿಂಡು ಸೊಂಡಿಲು ಮೇಲೆತ್ತಿ ಈಜಿ ದಾಟುವುದು ದೋಣಿಯಿಂದಲೇ ನೋಡಬೇಕು. ಆನೆ ಅಂತೂ ಆ ದೇಶದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚಿವೆ, ಕಸಾನೆಯಿಂದ ನಾಟಾ ಊರಿಗೆ ಹೋಗುವ ರಸ್ತೆಯಲ್ಲಿ ಹೆದ್ದಾರಿಗೇ ಬಂದು ನಿಲ್ಲುತ್ತವೆ.

ಈಗ ನೀನು ಮಾಡಬೇಕಾದ್ದು: ಮೊದಲು ಸೆಸ್ರಿಯಂ, ಎಟೋಶಾ ಕ್ಯಾಂಪುಗಳನ್ನು ಬುಕ್ ಮಾಡು. ಆಗಸ್ಟಿನಲ್ಲಿ ಬೇಗ ತುಂಬುತ್ತವೆ. ಆ ತಾರೀಖು ಸಿಕ್ಕ ಮೇಲೆ ಕಾರು, ಅದಾದ ಮೇಲೆ ವಿಮಾನ. ದಿನ ಎಷ್ಟಿವೆ ಅಂತ ಬರಿ. ಮೂರು ವಾರಕ್ಕಿಂತ ಕಡಿಮೆ ಇದ್ದರೆ ಬೋಟ್ಸ್ವಾನಾವನ್ನೂ ಬಿಡು, ನಮೀಬಿಯಾ ಒಂದೇ ಸಾಕು. ನಮ್ಮ ಕ್ಯಾಂಪುಗಳ ಪಟ್ಟಿ ಸುಮಾ ಹತ್ತಿರ ಇದೆ. ನಿನ್ನ ಹೆಂಡತಿಗೆ ನೇರ ಕಳಿಸ್ತಾಳಂತೆ, ನಿನ್ನ ಮೇಲೆ ನಂಬಿಕೆ ಇಲ್ಲ.

ನಿನ್ನ,
ರಘು