ಬೆಟ್ಟದ ಹುಡುಗರ ಜೊತೆ ಒಂದು ತಿಂಗಳು: ಲೆಸೊಥೊ ಸೇವೆಗೆ ದೇಣಿಗೆ ಮನವಿ

ಪ್ರಿಯ ಸಹೋದರ ಸಹೋದರಿಯರೇ,

ಕರ್ತನ ಹೆಸರಿನಲ್ಲಿ ವಂದನೆಗಳು.

ಬರುವ ಬೇಸಿಗೆ ರಜೆಯಲ್ಲಿ ನಮ್ಮ ಮಂಗಳೂರಿನ ಸಭೆಯಿಂದ ಆರು ಜನ ಆಫ್ರಿಕಾದ ಲೆಸೊಥೊ ದೇಶದ ಬೆಟ್ಟದ ಹಳ್ಳಿಗಳಿಗೆ ಹೋಗಿ ಒಂದು ತಿಂಗಳು ಇರಲಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಹೋದ ವರ್ಷ ಮೇ ತಿಂಗಳಲ್ಲಿ ನಾವು ನಾಲ್ವರು ಹತ್ತು ದಿನಕ್ಕೆ ಹೋಗಿದ್ದೆವು. ಥಾಬಾ-ತ್ಸೆಕಾ ಜಿಲ್ಲೆಯ ಒಂದು ಹಳ್ಳಿ. ಜೀಪು ನಿಲ್ಲುವ ಜಾಗದಿಂದ ಮುಂದೆ ಕುದುರೆ ಮೇಲೆ ಅರ್ಧ ದಿನದ ದಾರಿ. ಅಲ್ಲಿನ ಸಭೆಯವರು ದನ, ಕುರಿ ಕಾಯುವ ಹುಡುಗರಿಗೆ ಸಂಜೆ ಪಾಠ ನಡೆಸುತ್ತಾರೆ. ಒಬ್ಬ ಹುಡುಗ ಮೊದಲ ಮೂರು ದಿನ ಬಾಗಿಲ ಹೊರಗೇ ನಿಂತಿದ್ದ. ನಾಲ್ಕನೇ ದಿನ ಒಳಗೆ ಬಂದು ಗೋಡೆಗೆ ಒರಗಿ ಕೂತ. ಏಳನೇ ದಿನ ಸ್ಲೇಟು ಕೇಳಿ ಇಸ್ಕೊಂಡ. ನಾವು ಹೊರಡುವ ದಿನ ಅವನ ಹೆಸರಿನ ನಾಲ್ಕು ಅಕ್ಷರ ಅವನಿಗೆ ಬರುತ್ತಿತ್ತು. ಇನ್ನೂ ಮೂರು ಬಾಕಿ ಇತ್ತು. ನಾವು ಕುದುರೆ ಹತ್ತಿದೆವು.

ಹತ್ತು ದಿನ ಸಾಲದು ಅಂತ ನನಗೆ ಅವತ್ತೇ ಅನಿಸಿತು. ಒಂದು ಮಗು ನಮ್ಮನ್ನು ನಂಬುವುದಕ್ಕೇ ಒಂದು ವಾರ ಬೇಕು. ಅದಕ್ಕೇ ಈ ಸಲ ಒಂದು ತಿಂಗಳು.

ಲೆಸೊಥೊ ಸಣ್ಣ ದೇಶ. ಸುತ್ತಲೂ ದಕ್ಷಿಣ ಆಫ್ರಿಕಾ. ಇಡೀ ದೇಶದ ಅತಿ ತಗ್ಗಿನ ಜಾಗವೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅತಿ ಎತ್ತರದ ಬೆಟ್ಟ 3,482 ಮೀಟರ್. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ, ಬೆಟ್ಟದ ಮೇಲೆ ಹಿಮ ಬೀಳುತ್ತದೆ. ನಮ್ಮ ಅಜ್ಜಂದಿರು ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದೆಯುತ್ತಿದ್ದರಲ್ಲ, ಹಾಗೆ ಅಲ್ಲಿನ ಬಸೊಥೊ ಜನ ದಿನವಿಡೀ ಕಂಬಳಿ ಹೊದ್ದಿರುತ್ತಾರೆ. ಮೆಕ್ಕೆಜೋಳದ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ನಮಗೂ ಪ್ರೀತಿಯಿಂದ ಅದನ್ನೇ ಬಡಿಸಿದರು.

ನಮ್ಮಲ್ಲಿ ಹೆಣ್ಣುಮಕ್ಕಳ ಓದು ನಿಲ್ಲುವ ಕಥೆ ಕೇಳಿದ್ದೇವೆ. ಅಲ್ಲಿ ಶಾಲೆ ತಪ್ಪುವುದು ಜಾಸ್ತಿ ಗಂಡುಮಕ್ಕಳಿಗೆ. ಆರೇಳು ವರ್ಷಕ್ಕೇ ಹುಡುಗ ದನದ ಹಿಂದೆ ಹೋಗುತ್ತಾನೆ. ಸ್ವಲ್ಪ ದೊಡ್ಡವನಾದರೆ ಅಲ್ಲಿನ ಬೇಸಿಗೆಯ (ಅಂದರೆ ನಮ್ಮ ಚಳಿಗಾಲದ) ತಿಂಗಳುಗಳನ್ನು ಮೇಲಿನ ಹುಲ್ಲುಗಾವಲಲ್ಲಿ, ಕಲ್ಲಿನ ಗುಡಿಸಲಲ್ಲಿ ಕಳೆಯುತ್ತಾನೆ. ಚಳಿ ಶುರುವಾಗುವ ಮೊದಲು ಮಂದೆ ಹಳ್ಳಿಗೆ ಇಳಿಯುತ್ತದೆ. ನಾವು ಏಪ್ರಿಲ್, ಮೇ ಆರಿಸಿಕೊಂಡದ್ದು ಇದಕ್ಕೇ. ಹುಡುಗರು ಕೈಗೆ ಸಿಗುವ ಕಾಲ ಅದು. ನಮ್ಮ ತಂಡದ ಮೂವರು ಟೀಚರುಗಳಿಗೂ ಆಗ ರಜೆ.

ಪಾಠ ಹೇಳುವವರು ಅಲ್ಲಿನ ಸಭೆಯ ಒಬ್ಬ ಅಕ್ಕ. ನಮಗೆ ಅಲ್ಲಿನ ಸೆಸೊಥೊ ಭಾಷೆ ಬಾರದು. ಆದರೆ ಅವರು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲೇ. ಹಾಗಾಗಿ ಕೈ ಹಿಡಿದು ತಿದ್ದಿಸಬಹುದು, ಲೆಕ್ಕ ಹೇಳಿಕೊಡಬಹುದು. ಆ ಅಕ್ಕನಿಗೆ ಈಗ ಇರುವುದು ಒಂದೇ ದೀಪ.

ಮತ ಬದಲಿಸಲು ಹೋಗುತ್ತೀರಾ ಅಂತ ಕೆಲವರು ಕೇಳಿದ್ದಾರೆ. ಇಲ್ಲ. ಅಲ್ಲಿ ಹೆಚ್ಚಿನವರು ಆಗಲೇ ಕ್ರೈಸ್ತರು. 1833ರಲ್ಲಿ ರಾಜ ಮೊಶ್ವೆಶ್ವೆ ಇದ್ದಾಗ ಫ್ರಾನ್ಸಿನ ಪಾದ್ರಿಗಳು ಬಂದು ಒಂದು ಊರು ಕಟ್ಟಿದರು. ಅಬ್ರಹಾಮನ ಮೊರೀಯ ಬೆಟ್ಟದ ಹೆಸರನ್ನೇ ಇಟ್ಟು ಅದನ್ನು ಮೊರಿಜಾ ಎಂದರು. ಅದರ ಮರುವರ್ಷವೇ ಅಲ್ವಾ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಇಳಿದದ್ದು! 1843ರಲ್ಲಿ ನಮ್ಮ ಊರಿನಿಂದ ಮಂಗಳೂರ ಸಮಾಚಾರ ಪತ್ರಿಕೆ ಹೊರಟಿತು. 1863ರಲ್ಲಿ ಅಲ್ಲಿ ಸೆಸೊಥೊ ಪತ್ರಿಕೆ ಶುರುವಾಯಿತು. ಅದರ ಹೆಸರಿನ ಅರ್ಥ ಪುಟ್ಟ ಬೆಳಕು. ಅಕ್ಷರ ಕಲಿಸಿದ ಸಭೆಗಳಿಂದ ಬಂದವರು ನಾವು. ಆ ಹುಡುಗರನ್ನು ಹೊರಗಿನವರು ಎಂದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ಖರ್ಚಿನ ಮಾತು. ವಿಮಾನದ ಟಿಕೆಟ್, ವೀಸಾ ಆರೂ ಜನ ನಮ್ಮ ಕೈಯಿಂದಲೇ ಹಾಕಿಕೊಳ್ಳುತ್ತೇವೆ. ನಿಮ್ಮ ಹಣದಲ್ಲಿ ಒಂದು ಪೈಸೆಯೂ ಅದಕ್ಕೆ ಹೋಗುವುದಿಲ್ಲ. ಅರವತ್ತು ಹುಡುಗರಿಗೆ ದಪ್ಪ ಕಂಬಳಿ ಬೇಕು, ಒಂದಕ್ಕೆ ಸುಮಾರು 2,000 ರೂಪಾಯಿ. ರಬ್ಬರ್ ಬೂಟು ಒಂದು ಜೊತೆಗೆ 900. ಅವೆರಡನ್ನೂ ಅಲ್ಲಿಯೇ ಕೊಳ್ಳುತ್ತೇವೆ. ಇಪ್ಪತ್ತು ಸೋಲಾರ್ ದೀಪ ಇಲ್ಲಿಂದ ಒಯ್ಯುತ್ತೇವೆ, ಒಂದಕ್ಕೆ 600. ಜೀಪು, ಕುದುರೆ ಬಾಡಿಗೆ, ತಿಂಗಳ ರೇಷನ್, ಆ ಅಕ್ಕನ ಗೌರವಧನ ಸೇರಿ 1,40,000. ಒಟ್ಟು 3,26,000 ರೂಪಾಯಿ. ಬೆಳೆ ಹಬ್ಬದ ಕಾಣಿಕೆಯಿಂದ 1,10,000 ಆಗಲೇ ಬಂದಿದೆ. ಬಾಕಿ 2,16,000.

ಎರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಹಣ ಹೊರದೇಶದಲ್ಲಿ ಖರ್ಚಾಗುವುದರಿಂದ ತೆರಿಗೆ ವಿನಾಯಿತಿಯ ರಸೀದಿ ಕೊಡುವುದಿಲ್ಲ, ಸಭೆಯ ರಸೀದಿ ಖಂಡಿತ ಕೊಡುತ್ತೇವೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇದ್ದರೆ ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು ದಯವಿಟ್ಟು ಕಳಿಸಬೇಡಿ. ಬಂದದ್ದು, ಖರ್ಚಾದದ್ದು ಎಲ್ಲವನ್ನೂ ಜೂನ್ ತಿಂಗಳ ಮೊದಲ ಭಾನುವಾರ ಸಭೆಯ ಮುಂದೆ ಓದಿ ಹೇಳುತ್ತೇವೆ.

ಭಾನುವಾರ ಆರಾಧನೆಯ ನಂತರ ಖಜಾಂಚಿಯವರ ಕೈಗೆ ಕೊಡಿ, ಇಲ್ಲವೇ ಸಭೆಯ ಕಚೇರಿಗೆ ತಲುಪಿಸಿ. ಒಂದು ದೀಪದಷ್ಟೇ ಆದರೂ ಸಂತೋಷ. ಮಾರ್ಚ್ ಕೊನೆಯ ಭಾನುವಾರದೊಳಗೆ ಬಂದರೆ ಕಂಬಳಿಗೆ ಮೊದಲೇ ಹೇಳಿಡಬಹುದು.

ಕೊಡಲು ಆಗದವರು ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಸಂಜೆ ಆರಕ್ಕೆ ಪಾಠ ಶುರುವಾಗುವಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಮನೆಯವರೆಲ್ಲ ಪ್ರಾರ್ಥನೆಗೆ ಕೂರುವ ಹೊತ್ತು. ಆ ಒಂದು ತಿಂಗಳು ದಿನವೂ ಆ ಹುಡುಗರನ್ನು ನೆನೆಯಿರಿ.