ಜೀತದ ಹೆಸರುಗಳನ್ನು ಪತ್ರಾಗಾರಕ್ಕೆ ಸೇರಿಸಿ

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಪ್ಪನಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಒಂಬತ್ತು ವರ್ಷದವರಿದ್ದಾಗ ಪಕ್ಕದೂರಿನ ದೊಡ್ಡ ಮನೆಯೊಂದಕ್ಕೆ ಜೀತಕ್ಕೆ ಸೇರಿದರು. ಸೋದರತ್ತೆಯ ಮದುವೆಗೆ ತಾತ ಸಾಲ ಮಾಡಿದ್ದರು. ಆ ಸಾಲಕ್ಕೆ ಈ ಹುಡುಗ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ವರ್ಷಕ್ಕೊಂದು ಕಂಬಳಿ, ಒಂದಿಷ್ಟು ರಾಗಿ. ಬೆಳಗ್ಗೆ ಸಗಣಿ ಬಾಚೋದು, ಆಮೇಲೆ ದನ ಮೇಯಿಸೋದು, ರಾತ್ರಿ ಕೊಟ್ಟಿಗೆಯಲ್ಲೇ ಮಲಗೋದು. ಹನ್ನೆರಡು ವರ್ಷ ಹೀಗೇ ಕಳೆಯಿತು.

ಕಳೆದ ದೀಪಾವಳಿಯಲ್ಲಿ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎರಡು ಗಂಟೆ ಮಾತಾಡಿದರು. ಆ ಮನೆಯ ಎತ್ತುಗಳ ಹೆಸರನ್ನೆಲ್ಲ ಒಂದೂ ಬಿಡದೆ ಹೇಳಿದರು. 'ನಿನ್ನ ಏನಂತ ಕರೀತಿದ್ರು ಚಿಕ್ಕಪ್ಪ?' ಅಂತ ಕೇಳಿದೆ. 'ಹೈದ ಅಂತಿದ್ರು ಕಣವ್ವ' ಅಂದರು. ಹೈದ ಅಂದರೆ ಬರೀ ಹುಡುಗ. ಈ ಪತ್ರ ಬರೆಯುತ್ತಿರುವುದು ಆ ಮಾತು ಕೇಳಿದ ಮೇಲೆ.

ಜೀತ ರದ್ದಾದದ್ದು 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆಯಿಂದ. ಮರುವರ್ಷ ಅದು ಕಾಯ್ದೆಯಾಯಿತು. ಆಗ ನಮ್ಮ ರಾಜ್ಯದ ಮುಖ್ಯಮಂತ್ರಿ ಹುಣಸೂರಿನ ದೇವರಾಜ ಅರಸು. 1976ರ ನಿಯಮಗಳಲ್ಲಿ ಒಂದು ಮಾತಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಬಿಡುಗಡೆಯಾದ ಪ್ರತಿಯೊಬ್ಬರ ಹೆಸರು, ವಿಳಾಸ ಬರೆದ ರಿಜಿಸ್ಟರನ್ನು ಜಿಲ್ಲಾ ಜಾಗೃತಿ ಸಮಿತಿ ಇಡಬೇಕು. ಅವರಿಗೆ ಜಮೀನು, ಸಾಲ ಏನು ಸಿಕ್ಕಿತು ಅನ್ನೋದೂ ಅದರಲ್ಲಿರಬೇಕು. ಚಿಕ್ಕಪ್ಪನ ಹೆಸರನ್ನು ಹುಡುಕಿಕೊಂಡು ಒಂದು ಸರ್ಕಾರಿ ಕಚೇರಿಗೆ ಮೂರು ಸಲ ಹೋದೆ. 'ಹಳೇ ಕಡತ ಎಲ್ಲೋ ಇರಬಹುದು, ಹುಡುಕೋರು ಯಾರು ಮೇಡಂ' ಎಂಬ ಉತ್ತರ ಬಂತು.

ಹುಡುಕಿದರೆ ಏನೇನು ಸಿಗುತ್ತದೆ ನೋಡಿ. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಇದ್ದ. 1148ರಲ್ಲಿ ಏಡನ್‌ನಿಂದ ಅವನಿಗೊಂದು ಕಾಗದ ಬರುತ್ತದೆ. ಅದರಲ್ಲಿ ಅವನ ಗುಲಾಮನಿಗೂ ವಂದನೆ ಹೇಳಿದ್ದಾರೆ. ಇಷ್ಟೇ ಎಳೆ ಹಿಡಿದು ಲೇಖಕ ಅಮಿತಾವ್ ಘೋಷ್ ಹೊರಟರು. ಆ ವ್ಯಾಪಾರಿಗಳು ಬರೆಯುತ್ತಿದ್ದ ಭಾಷೆ ಕಲಿತರು. ಹಳೇ ಕಾಗದಗಳಲ್ಲಿ ಆ ಗುಲಾಮನ ಹೆಸರು ಬ, ಮ, ಹ ಎಂಬ ಮೂರು ಅಕ್ಷರಗಳಲ್ಲಿ ಮಾತ್ರ ಇತ್ತು. ಅದನ್ನು ಬಿಡಿಸಿಕೊಳ್ಳಲು ಮಂಗಳೂರಿಗೆ ಬಂದರು. ಅದು 'ಬೊಮ್ಮ' ಇರಬೇಕು ಎಂದು ದಾರಿ ತೋರಿಸಿದವರು ನಮ್ಮವರೇ ಆದ ಜಾನಪದ ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ. ಎಂಟುನೂರು ವರ್ಷದ ಹಿಂದಿನ ಬೊಮ್ಮನಿಗೆ ಹೆಸರು ಸಿಕ್ಕಿತು. ಐವತ್ತು ವರ್ಷದ ಹಿಂದಿನವರಿಗೆ ಯಾಕೆ ಸಿಗಬಾರದು?

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನಿಮಗೆ ಗೊತ್ತಿರುತ್ತದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಕ್ರಿ.ಶ. 949ರ ಸುಮಾರಿಗೆ ನೆಟ್ಟ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರತಿ ವರ್ಷ ಮಕ್ಕಳಿಗೆ ಆ ಕಥೆ ಹೇಳಿದ್ದೇನೆ, ಹೆಮ್ಮೆಯಿಂದಲೇ. ಆದರೆ ಜೀತ ಮಾಡಿದವರ ಹೆಸರು ಬರೆದ ಒಂದು ಕಲ್ಲನ್ನೂ ನಮ್ಮ ಸುತ್ತಮುತ್ತ ನಾನು ನೋಡಿಲ್ಲ.

ಜೀತವನ್ನು ಗುಲಾಮಗಿರಿ ಅನ್ನಬಹುದಾ ಅಂತ ಕೆಲವರು ಕೇಳುತ್ತಾರೆ. ಸಾಲಕ್ಕೆ ಕಟ್ಟಿಹಾಕಿ ದುಡಿಸುವುದು ಗುಲಾಮಗಿರಿಯಂಥದ್ದೇ ಪದ್ಧತಿ ಎಂದು ವಿಶ್ವಸಂಸ್ಥೆಯ 1956ರ ಒಪ್ಪಂದ ಹೇಳಿದೆ. ನಮ್ಮ ಬೈಗುಳದಲ್ಲೂ 'ತೊತ್ತಿನ ಮಗ' ಉಳಿದಿದೆ. ತೊತ್ತು ಅಂದರೆ ದಾಸಿ. ಆ ಪದ ಸುಮ್ನೆ ಬಂದಿದ್ದಲ್ಲ.

ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಗುಲಾಮರಾಗಿದ್ದವರ ಮಾತನ್ನು ಸರ್ಕಾರ ದೊಡ್ಡದಾಗಿ ಬರೆಸಿಕೊಂಡದ್ದು 1936ರಿಂದ 1938ರ ನಡುವೆ. 2,300ಕ್ಕೂ ಜಾಸ್ತಿ ಜನ ಮಾತಾಡಿದರು. ಅಷ್ಟು ಹೊತ್ತಿಗೆ ಎಪ್ಪತ್ತು ವರ್ಷ ಕಳೆದಿತ್ತು. ಹೆಚ್ಚಿನವರು ಗುಲಾಮಗಿರಿ ಕಂಡದ್ದು ಮಕ್ಕಳಾಗಿದ್ದಾಗ ಮಾತ್ರ. ಕೇಳಲು ಹೋದವರಲ್ಲಿ ಬಹುಪಾಲು ಬಿಳಿಯರು. ಹಾಗಾಗಿ ಎಷ್ಟೋ ಮುದುಕರು ಅಳೆದು ತೂಗಿ ಮಾತಾಡಿದರು. ನಮಗೆ ಇದು ದೊಡ್ಡ ಪಾಠ. ಚಿಕ್ಕಪ್ಪ ಕೂಡ ನನ್ನ ಹತ್ತಿರ ಹೇಳಿದ್ದನ್ನು ಜೀತಕ್ಕಿಟ್ಟುಕೊಂಡ ಮನೆಯವರು ಕೂತು ಕೇಳಿದ್ದರೆ ಹೇಳುತ್ತಿರಲಿಲ್ಲ. ಆದ್ದರಿಂದ ಕೇರಿಯ ಮಕ್ಕಳು, ಮೊಮ್ಮಕ್ಕಳೇ ಕೇಳಲಿ. ಅವರ ಮಾತನ್ನು ತಿದ್ದಬೇಡಿ. 'ಉಂಡಿವ್ನಿ' ಅಂದರೆ ಹಾಗೇ ಬರೆಯಿರಿ. 1976ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು. ನಮ್ಮ ಕೇರಿಯಲ್ಲೇ ಅಂಥ ಏಳೆಂಟು ಜನ ಇದ್ದಾರೆ.

ಕಲೆಯ ಬಗ್ಗೆಯೂ ಒಂದು ಮಾತು. 2014ರಲ್ಲಿ ನ್ಯೂಯಾರ್ಕಿನ ಒಂದು ಹಳೇ ಸಕ್ಕರೆ ಕಾರ್ಖಾನೆಯೊಳಗೆ ಕಲಾವಿದೆ ಕಾರಾ ವಾಕರ್ ಕಪ್ಪು ಹೆಂಗಸಿನ ದೊಡ್ಡ ಮೂರ್ತಿ ಮಾಡಿದ್ದರು. ಅದರ ಮೈಯೆಲ್ಲ ಬಿಳೀ ಸಕ್ಕರೆ. ಸುತ್ತ ಬುಟ್ಟಿ ಹೊತ್ತ ಹುಡುಗರ ಬೊಂಬೆಗಳು, ಕಾಕಂಬಿಯ ಬಣ್ಣದವು. ಬೇಸಿಗೆಯ ಸೆಕೆಗೆ ಅವುಗಳಲ್ಲಿ ಕೆಲವು ಕರಗಿ ಮುರಿದುಬಿದ್ದವು. ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಆಫ್ರಿಕಾದ ಗುಲಾಮರು ಹೇಗೆ ಸವೆದರು ಅನ್ನೋದು ನೋಡಿದವರ ಕಣ್ಣಿಗೇ ಕಟ್ಟಿತು. 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆ ನಮ್ಮದು. ಆಲೆಮನೆಯ ವಾಸನೆಯಲ್ಲೇ ಬೆಳೆದವರು ನಾವು. ಸಕ್ಕರೆಯಲ್ಲಿ ಮಾಡಿದ ಆ ಮೂರ್ತಿ ನಮಗೆ ಅರ್ಥವಾದಷ್ಟು ಬೇರೆ ಯಾರಿಗೆ ಆಗುತ್ತದೆ, ಅಲ್ವಾ?

ನನ್ನ ಕೋರಿಕೆ ಇಷ್ಟು. ಮಂಡ್ಯ, ಮೈಸೂರು ಜಿಲ್ಲಾಡಳಿತಗಳು 1976ರ ನಂತರದ ಜೀತವಿಮುಕ್ತಿ ರಿಜಿಸ್ಟರ್‌ಗಳನ್ನು ಹುಡುಕಿ ರಾಜ್ಯ ಪತ್ರಾಗಾರಕ್ಕೆ ಒಪ್ಪಿಸಲಿ. ಆ ಕುಟುಂಬಗಳು ಒಪ್ಪಿದರೆ ಮಾತ್ರ ಹೆಸರುಗಳನ್ನು ಎಲ್ಲರಿಗೂ ತೋರಿಸಲಿ. ಮೈಸೂರು ವಿಶ್ವವಿದ್ಯಾಲಯ ಹಿರಿಯರ ಮಾತನ್ನು ರೆಕಾರ್ಡ್ ಮಾಡಿಸಲಿ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ಮಕ್ಕಳು ಆ ಮಾತು ಕೇಳಿ ಚಿತ್ರ ಬರೆಯಲಿ, ಮೂರ್ತಿ ಮಾಡಲಿ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಅದಕ್ಕೊಂದು ಜಾಗ ಕೊಡಲಿ.

ಚಿಕ್ಕಪ್ಪನಿಗೆ ಕೊನೆಯ ವರ್ಷ ಕೊಟ್ಟ ಕಂಬಳಿ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಅಂಚು ನುಸಿ ತಿಂದಿದೆ. ಅವರನ್ನು ಕೇಳಿದ್ದೇನೆ. ಪಕ್ಕದಲ್ಲಿ ತಮ್ಮ ಹೆಸರು ಬರೆಯುವುದಾದರೆ ಕೊಡಲು ಒಪ್ಪಿದ್ದಾರೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ