ಅಳೆದದ್ದು ಮೀಥೇನ್, ತಲೆಬರಹದಲ್ಲಿ ಸಾಗರ

ಮಾನ್ಯ ಸಂಪಾದಕರಿಗೆ,

ನಿಮ್ಮ ವಿಜ್ಞಾನ ಪುಟದಲ್ಲಿ ಏರಿಸ್ ಎಂಬ ಕುಬ್ಜ ಗ್ರಹದ ಕುರಿತು ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಬರಹ ಚೆನ್ನಾಗಿಯೇ ಇದೆ. ನನ್ನ ಆಕ್ಷೇಪವಿರುವುದು ‘ಏರಿಸ್ ಒಡಲಲ್ಲಿ ಸಾಗರ ಪತ್ತೆ’ ಎಂಬ ತಲೆಬರಹದ ಬಗ್ಗೆ. ಅಲ್ಲಿ ಯಾರೂ ಸಾಗರವನ್ನು ಕಂಡಿಲ್ಲ. ವಿಜ್ಞಾನಿಗಳು ಅಳೆದಿರುವುದು ಮೇಲ್ಮೈಯ ಹಿಮದಲ್ಲಿರುವ ಮೀಥೇನನ್ನು, ಅದರಲ್ಲೂ ಸಾಮಾನ್ಯ ಮೀಥೇನಿಗೂ ತುಸು ಭಾರವಾದ ಮೀಥೇನಿಗೂ ಇರುವ ಅನುಪಾತವನ್ನು.

ಬಹುಕಾಲ ರಸಾಯನಶಾಸ್ತ್ರ ಪಾಠ ಮಾಡಿದವನಾದ ನನಗೆ ಈ ಅಳತೆಯೇ ಸಾಗರಕ್ಕಿಂತ ದೊಡ್ಡ ಬೆರಗು. ಏರಿಸ್ ಈಗ ಸೂರ್ಯನಿಂದ ಸುಮಾರು 96 ಖಗೋಳಮಾನ, ಅಂದರೆ ಭೂಮಿಗೂ ಸೂರ್ಯನಿಗೂ ನಡುವಿನ ದೂರದ 96 ಪಟ್ಟು ದೂರದಲ್ಲಿದೆ; ಬೆಳಕಿಗೇ ಅಲ್ಲಿಗೆ ಹೋಗಲು 13 ಗಂಟೆಗೂ ಹೆಚ್ಚು ಹೊತ್ತು ಬೇಕು. ಭೂಮಿಗೆ ಬೀಳುವ ಬಿಸಿಲಿನ ಸುಮಾರು 9,000ದಲ್ಲಿ ಒಂದು ಪಾಲಷ್ಟೇ ಅಲ್ಲಿ ಬೀಳುತ್ತದೆ, ಮತ್ತು ಆ ಬಡ ಬಿಸಿಲು ಹಿಮಕ್ಕೆ ತಾಗಿ ಅಷ್ಟೇ ದೂರ ಹಿಂದಿರುಗಿದ ಮೇಲೆ ಉಳಿಯುವುದನ್ನು ದೂರದರ್ಶಕ ಹಿಡಿದು ಬಣ್ಣ ಬಣ್ಣವಾಗಿ ಬಿಡಿಸಬೇಕು. ಯಾವ ತರಂಗದೂರದಲ್ಲಿ ಬೆಳಕು ಕಾಣೆಯಾಗಿದೆಯೋ ಅಲ್ಲಿ ಯಾವುದೋ ಅಣು ಅದನ್ನು ಹೀರಿಕೊಂಡಿದೆ ಎಂದರ್ಥ. 2005ರಲ್ಲಿ ಏರಿಸ್ ಪತ್ತೆಯಾದ ವರ್ಷವೇ ಅದರ ಅವಕೆಂಪು ರೋಹಿತದಲ್ಲಿ (ಹೀಗೆ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ) ಮೀಥೇನಿನ ಗುರುತು ಸಿಕ್ಕಿತ್ತು.

ಜೇಮ್ಸ್ ವೆಬ್ ದೂರದರ್ಶಕ ಇದಕ್ಕಿಂತ ಬಹಳ ಮುಂದೆ ಹೋಯಿತು. ಮೀಥೇನಿನ ನಾಲ್ಕು ಹೈಡ್ರೋಜನ್‌ಗಳಲ್ಲಿ ಒಂದರ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಂ ಕುಳಿತರೆ, ಇಂಗಾಲದೊಂದಿಗಿನ ಆ ಬಂಧ ನಿಧಾನವಾಗಿ ಕಂಪಿಸುತ್ತದೆ. ಹಾಗಾಗಿ ಸುಮಾರು 3.3 ಮೈಕ್ರಾನ್‌ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತರಂಗದೂರದಲ್ಲಿ ಬೀಳಬೇಕಾದ ತಗ್ಗು, ಅಂದರೆ ಬೆಳಕು ಕಾಣೆಯಾದ ಜಾಗ, 4.5 ಮೈಕ್ರಾನ್‌ ಆಸುಪಾಸಿಗೆ ಸರಿಯುತ್ತದೆ. ಈ ಪುಟ್ಟ ತಗ್ಗು ಏರಿಸ್‌ನಲ್ಲೂ ಮಾಕೆಮಾಕೆ ಎಂಬ ಇನ್ನೊಂದು ಕುಬ್ಜ ಗ್ರಹದಲ್ಲೂ ಕಂಡಿತೆಂದು, 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೌರವ್ಯೂಹದ ಆದಿಕಾಲದ ಸರಕನ್ನು ಉಳಿಸಿಕೊಂಡಿರುವ ಧೂಮಕೇತು 67ಪಿಯ ಮೀಥೇನಿನಲ್ಲಿ ರೊಸೆಟ್ಟಾ ನೌಕೆ ಅಳೆದುದಕ್ಕೆ ಹೋಲಿಸಿದರೆ ಇಲ್ಲಿ ಡ್ಯೂಟೀರಿಯಂನ ಪಾಲು ತೀರ ಕಡಿಮೆ. ಅಂದರೆ ಈ ಮೀಥೇನ್ ಸೌರವ್ಯೂಹ ರೂಪುಗೊಂಡಾಗಿನ ಹಳೆಯ ಸರಕಾಗಿರದೆ, ಗ್ರಹದ ಒಡಲಿನ ಬಿಸಿಯಲ್ಲಿ, ನೀರಿನ ಹೈಡ್ರೋಜನನ್ನು ಬಳಸಿಕೊಂಡು ಆಮೇಲೆ ಹುಟ್ಟಿದ್ದಿರಬಹುದು ಎಂಬುದು ಸಂಶೋಧಕರ ತರ್ಕ. ಬಂಡೆಯಲ್ಲಿರುವ ವಿಕಿರಣಶೀಲ ಧಾತುಗಳು ಆ ಬಿಸಿಯನ್ನು ಒದಗಿಸಬಲ್ಲವು. ಆ ಬಿಸಿಗೆ ಒಳಗಿನ ಹಿಮ ಕರಗಿರಬಹುದು ಎಂಬುದರಿಂದಲೇ ಸಾಗರದ ಮಾತು ಬಂದಿರುವುದು.

ತರ್ಕ ಗಟ್ಟಿಯಾಗಿದೆ, ನಾನೂ ಅದನ್ನು ಒಪ್ಪುವವನೇ. ಆದರೆ ಒಡಲು ಬಿಸಿಯಾಗಿದ್ದದ್ದು ಯಾವಾಗ ಎಂಬುದನ್ನು ಈ ಅನುಪಾತವೊಂದೇ ಹೇಳಲಾರದು. ಒಳಗೆ ನೀರು ಇಂದಿಗೂ ದ್ರವವಾಗಿ ಉಳಿದಿರಬಹುದು. ಎಂದೋ ಇದ್ದು ಹೆಪ್ಪುಗಟ್ಟಿರಲೂಬಹುದು. ಮೇಲಾಗಿ, ಪ್ರತಿಫಲಿತ ಬೆಳಕು ನಮಗೆ ತಿಳಿಸುವುದು ಹಿಮದ ತೆಳುವಾದ ಮೇಲ್ಪದರದ ಸಂಗತಿಯನ್ನಷ್ಟೇ.

ಏರಿಸ್‌ನ ವಿಷಯದಲ್ಲಿ ಈ ಮೇಲ್ಪದರವೂ ಸದಾ ಒಂದೇ ತೆರನಾಗಿರುವುದಿಲ್ಲ ಎಂದು ತೋರುತ್ತದೆ. ಮೀಥೇನ್ ಹಿಮವನ್ನು ಸೂರ್ಯನ ನೇರಳಾತೀತ ಕಿರಣಗಳ ಮತ್ತು ವಿಶ್ವಕಿರಣಗಳ ಪಾಲಿಗೆ ಬಿಟ್ಟರೆ ಅದು ಈಥೇನಿನಂಥ ಸಂಯುಕ್ತಗಳಾಗಿ, ಕೊನೆಗೆ ಕೆಂಗಂದು ಬಣ್ಣದ ಜಟಿಲ ವಸ್ತುವಾಗಿ ಮಾರ್ಪಡಬೇಕು. ಮಾಕೆಮಾಕೆ ಕೆಂಪಗಿದೆ. ಏರಿಸ್ ಮಾತ್ರ ಹೊಸದಾಗಿ ಸುಣ್ಣ ಬಳಿದಂತೆ ಬೆಳ್ಳಗಿದ್ದು, ಬಿದ್ದ ಬೆಳಕಿನ ಸುಮಾರು ಶೇಕಡಾ 96 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಸುಮಾರು 560 ವರ್ಷಗಳ ಅದರ ಕಕ್ಷೆ ಸೂರ್ಯನಿಗೆ 38 ಖಗೋಳಮಾನದಷ್ಟು ಹತ್ತಿರವಾದಾಗ ಹಿಮ ಆವಿಯಾಗಿ ತೆಳುವಾದ ವಾಯುಮಂಡಲವಾಗುತ್ತದೆ, ದೂರ ಸರಿದಾಗ ಅದೇ ಮತ್ತೆ ನೆಲದ ಮೇಲೆ ಮಂಜಾಗಿ ಕೂರುತ್ತದೆ ಎಂಬ ವಿವರಣೆಯಿದೆ. ಇದೂ ಊಹೆಯೇ, ಆದರೂ ನಿಮ್ಮ ಬರಹದಲ್ಲಿ ಇದಕ್ಕೆ ಒಂದು ವಾಕ್ಯವಾದರೂ ಸಿಗಬೇಕಿತ್ತು.

ಇನ್ನೊಂದು ಸಣ್ಣ ಮಾತು. ಬರಹದ ಜೊತೆಗೆ ಹಿಮದ ಬಿರುಕುಗಳೂ ಕಣಿವೆಗಳೂ ಇರುವ ಚಿತ್ರವನ್ನು, ಕಲಾವಿದರ ಕಲ್ಪನೆ ಎಂಬ ಸೂಚನೆಯಿಲ್ಲದೆ ಅಚ್ಚು ಹಾಕಲಾಗಿದೆ. ಯಾವ ನೌಕೆಯೂ ಏರಿಸ್ ಬಳಿ ಸುಳಿದಿಲ್ಲ. ನಮ್ಮ ಕಣ್ಣಿಗೆ ಅದಿನ್ನೂ ಬೆಳಕಿನ ಒಂದು ಚುಕ್ಕೆ. ಆ ಚಿತ್ರದ ಜಾಗದಲ್ಲಿ 4.5 ಮೈಕ್ರಾನ್ ಬಳಿಯ ತಗ್ಗನ್ನು ತೋರಿಸುವ ರೋಹಿತದ ನಕ್ಷೆಯನ್ನು, ತಗ್ಗಿಗೆ ಬಾಣದ ಗುರುತು ಹಾಕಿ, ಪ್ರಕಟಿಸಬೇಕೆಂದು ಕೋರುತ್ತೇನೆ. ಅದನ್ನು ಓದುವ ಬಗೆಯನ್ನು ನಾಲ್ಕು ಸಾಲಿನಲ್ಲಿ ವಿವರಿಸಿದರೆ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ